ಸದರಿ ಕೆಮ್ಮು

ಸಾವಿರದ ನೂರ ನಲವತ್ತೆರಡು ಜನ ಸಹಿ ಹಾಕಿ ಕಳಿಸಿದ ಆಕ್ಷೇಪಣೆಗಳನ್ನು ಇಂಧನ ಇಲಾಖೆ ಒಂದು ಆಕ್ಷೇಪಣೆ ಎಂದು ದಾಖಲು ಮಾಡಿತು.

ಕಾರಣ ಎರಡೇ ಸಾಲಿನದ್ದು. ಎಲ್ಲ ಪತ್ರಗಳ ಒಕ್ಕಣೆ ಒಂದೇ ಇದೆ. ಒಂದೇ ಅಂಶವನ್ನು ಎಷ್ಟೇ ಜನ ಎತ್ತಿದರೂ ಅದನ್ನು ಒಂದೆಂದೇ ಎಣಿಸತಕ್ಕದ್ದು. ನೂರು ಬೇರೆ ಬೇರೆ ಆಕ್ಷೇಪಣೆ ಬಂದರೆ ವಿಷಯ ಸಚಿವ ಸಂಪುಟಕ್ಕೆ ಹೋಗಬೇಕು, ಅಲ್ಲಿ ಬಾಗಿಲು ತೆರೆದು ಚರ್ಚೆಯಾಗಬೇಕು. ಒಂದು ಆಕ್ಷೇಪಣೆಗಾಗಿ ಯಾವ ಸಂಪುಟವೂ ಕೂರುವುದಿಲ್ಲ. ಹಾಗಾಗಿ ನಮ್ಮೂರ ಕಲ್ಲಿದ್ದಲು ಸ್ಥಾವರಕ್ಕೆ ಇನ್ನೂ ಮೂವತ್ತು ವರ್ಷದ ಪರವಾನಗಿ ಕೊಟ್ಟು, ಎರಡು ಹೊಸ ಬಾಯ್ಲರ್ ಕೂರಿಸಲು ಇಲಾಖೆಗೆ ಅಡ್ಡಿಯೇ ಉಳಿಯಲಿಲ್ಲ.

ಆ ಪತ್ರವನ್ನು ಬರೆದವಳು ನನ್ನ ತಂಗಿ. ಮನೆಯಲ್ಲಿ ನಾವು ಅವಳನ್ನು ಚಿಕ್ಕವಳು ಎಂದೇ ಕರೆಯುವುದು. ಕಾರ್ಮಿಕ ಸಂಘದ ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವ ಕೆಲಸ. ಭಾನುವಾರ ಅಲ್ಲೇ ಓದುಬಳಗ ಸೇರಿಸುತ್ತಾಳೆ. ಹನ್ನೊಂದು ಜನ, ಮೂರು ವಾರ, ಒಂದು ಪುಟ. ಒಂದು ಅಲ್ಪವಿರಾಮದ ಸಲುವಾಗಿ ಇಬ್ಬರು ಮಾತು ಬಿಟ್ಟಿದ್ದರು. ಸರ್ಕಾರ ಕಲ್ಲಿದ್ದಲನ್ನು ಕೈಬಿಡಬೇಕು, ಸ್ಥಾವರ ಮುಚ್ಚುವ ವರ್ಷವನ್ನು ಈಗಲೇ ಹೇಳಬೇಕು, ಅದಕ್ಕೂ ಮೊದಲು ಕೆಲಸಗಾರರಿಗೆ ಬೇರೆ ಕೆಲಸ ತೋರಿಸಬೇಕು ಎಂದು ಪತ್ರ ಹೇಳುತ್ತಿತ್ತು. ಚೆನ್ನಾಗಿಯೇ ಹೇಳುತ್ತಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಮನೆಮನೆಗೆ ಹೋದಾಗ ಯಾರಾದರೂ ಕೆಳಗೆ ತಮ್ಮದೊಂದು ಸಾಲು ಸೇರಿಸುತ್ತೇನೆಂದರೆ ಬಳಗದವರು ಬಿಡುತ್ತಿರಲಿಲ್ಲ. ‘ಬೇಡಿ, ಒಕ್ಕಣೆ ಕೆಡುತ್ತೆ.’ ನಮ್ಮಮ್ಮ ಅಪ್ಪನ ಬಗ್ಗೆ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿದ್ದಳು. ಚಿಕ್ಕವಳು ರಬ್ಬರು ತಂದು ಅದನ್ನು ಅಳಿಸಿದಳು. ಕಾಗದ ಹರಿಯದ ಹಾಗೆ, ನಿಧಾನವಾಗಿ, ಪ್ರೀತಿಯಿಂದಲೇ ಅಳಿಸಿದಳು.

ಆ ಪತ್ರಗಳನ್ನು ರಿಜಿಸ್ಟರಿಗೆ ಏರಿಸಿದವಳು ನಾನು.

ಅದೇ ಇಲಾಖೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಶೀಘ್ರಲಿಪಿಗಾರ್ತಿ. ಆಫೀಸಿನಲ್ಲಿ ನನಗೆ ಪೆನ್ಸಿಲಕ್ಕ ಎಂದು ಹೆಸರು. ಪತ್ರಗಳು ಮೂರು ಚೀಲದಲ್ಲಿ ಬಂದವು. ಎರಡು ದಿನದಲ್ಲಿ ಏರಿಸಿ ಮುಗಿಸಬೇಕಿತ್ತು. ರಿಜಿಸ್ಟರಿನಲ್ಲಿ ‘ಆಕ್ಷೇಪಣೆಯ ಸಾರ’ ಎಂಬ ಅಂಕಣವಿದೆ. ಮೊದಲ ಪತ್ರದ ಸಾರವನ್ನು ಪೂರ್ತಿ ಬರೆದೆ. ಎರಡನೆಯದರ ಮುಂದೆ ‘ಸದರಿ’, ಅಂದರೆ ಮೇಲಿನದೇ, ಎಂದು ಹಾಕಿದೆ. ಮೂರನೆಯದಕ್ಕೂ ಸದರಿ. ಹತ್ತನೇ ಪುಟದ ಹೊತ್ತಿಗೆ ಮಣಿಕಟ್ಟು ಕಿತ್ತು ಬರುತ್ತಿತ್ತು, ಕೈ ಮಾತ್ರ ಸದರಿ, ಸದರಿ, ಸದರಿ ಎಂದು ತಾನೇ ಹೋಗುತ್ತಿತ್ತು. ಹಾಗೆ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ತಿನ್ನುವುದು. ಆಮೇಲೆ ಬಂದ ಆದೇಶದಲ್ಲಿ ಮುಖ್ಯಾಧಿಕಾರಿಗಳು ‘ಇಲಾಖೆಯ ಸಿಬ್ಬಂದಿಯೇ ಇವುಗಳನ್ನು ಸದರಿ ಎಂದು ನಮೂದಿಸಿರುವ ಕಾರಣ’ ಎಂದು ಒಂದು ವಾಕ್ಯ ಸೇರಿಸಿದರು. ಅದನ್ನು ಟೈಪು ಮಾಡಿದವಳೂ ನಾನೇ.

ಚಿಕ್ಕವಳು ತಪ್ಪು ತನ್ನದೆಂದು ತಿಳಿದಳು. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಬಳಗದವರು ಹನ್ನೊಂದು ದಿನ ಇಲಾಖೆಯ ಗೇಟಿನ ಮುಂದೆ ಕೂತರು. ಹನ್ನೆರಡನೇ ದಿನ ಇಲಾಖೆಗೆ ದೊಡ್ಡ ಮನಸ್ಸು ಬಂತು. ಇನ್ನೊಂದು ಅಹವಾಲು ಸಭೆ ಕೊಡುತ್ತೇವೆ. ಒಂದೇ ದಿನ. ತಲೆಗೆ ಎರಡು ನಿಮಿಷ, ಬಾಯಿಮಾತಿನಲ್ಲಿ. ಹಿಂದೆ ಯಾರೂ ಹೇಳಿರದ ಅಂಶ ಮಾತ್ರ ಎಣಿಕೆಗೆ ಬರುತ್ತದೆ. ಬೆಂಕಿ ಬಿದ್ದ ಮನೆಯವರಿಗೆ, ಒಬ್ಬೊಬ್ಬರೂ ಬೇರೆ ಬೇರೆ ಬೆಂಕಿ ತೋರಿಸಿ ಎಂದ ಹಾಗಾಯಿತು.

ಮುಂದಿನ ಎರಡು ವಾರ ನಮ್ಮ ಮನೆಯ ಮುಂಗೋಣೆಯಲ್ಲಿ ನೋವು ಹಂಚುವ ಕೆಲಸ ನಡೆಯಿತು. ಅದಕ್ಕೆ ಬೇರೆ ಹೆಸರಿಡಲು ನನಗೆ ಬರುವುದಿಲ್ಲ. ಚಿಕ್ಕವಳು ಗ್ರಂಥಾಲಯದ ಉದ್ದನೆಯ ಪುಸ್ತಕವೊಂದನ್ನು ತಂದು, ಅಂಕಿ ಹಾಕಿ, ಒಂದೊಂದು ಅಂಕಿಯ ಮುಂದೆ ಒಂದೊಂದು ಕಷ್ಟ ಬರೆದಳು. ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗಿಲ್ಲ. ಪುಸ್ತಕ ಎರವಲು ಕೊಡುವ ಕೈ ಅದು, ಅಭ್ಯಾಸ ಇತ್ತು.

“ಬಾವಿ ಯಾರಿಗೆ ಹಾಕಿದೀಯ?” ಎಂದು ಕಟಿಂಗ್ ಶಾಪಿನವನು ಕೇಳಿದ.

“ಬಾವಿ ಗಣಿತದ ಮೇಷ್ಟ್ರಿಗೆ ಹೋಯ್ತಣ್ಣ.”

“ಮೇಷ್ಟ್ರ ಮನೇಲಿ ನಲ್ಲಿ ಇದೆ ಕಣಮ್ಮ! ಬಾವಿ ನೀರು ಕುಡಿದು ಹಲ್ಲು ಉದುರಿಸ್ಕೊಂಡೋನು ನಾನು, ಬಾವಿ ಅವರಿಗಾ?”

“ನಿಮಗೆ ಅಂಗಡಿ ಇದೆಯಲ್ಲ. ಗಿರಾಕಿ ತಲೆ ತೊಳೆದರೆ ನೀರು ಮಸಿಯಾಗುತ್ತೆ ಅಂತ ಹೇಳಿ. ಅದು ಬೇರೆ ಯಾರಿಗೂ ಬರಲ್ಲ.”

“ಹಂಗಂದ್ರೆ ಇರೋ ಗಿರಾಕೀನೂ ಓಡಿಹೋಗ್ತಾರೆ.”

“ಎಲ್ಲಿಗೆ ಓಡ್ತಾರಯ್ಯ? ಊರಿಗೆಲ್ಲ ಇರೋನು ನೀನೊಬ್ಬನೇ,” ಎಂದ ಬಸ್ ಡ್ರೈವರ್. “ನೀನು ಕೂದಲು ಕೆಡಿಸೋದೂ ಒಂದು ಆಕ್ಷೇಪಣೆ ಅಂತ ನಾನು ಹೇಳ್ಬೇಕಂತಿದ್ದೆ. ಇವಳು ಬಿಡಲಿಲ್ಲ, ಕನ್ನಡಿ ಕೊಟ್ಟಳು.”

ಡ್ರೈವರನ ಪಾಲಿಗೆ ಬಂದದ್ದು ಬಸ್ಸಿನ ಪಕ್ಕದ ಕನ್ನಡಿ. ಬೂದಿ ಕೂತು ಹಿಂದಿನದೇನೂ ಕಾಣದೆ, ಒಂದು ಸುತ್ತಿಗೆ ಎರಡು ಸಲ ಇಳಿದು ಒರೆಸಬೇಕು. ಗಣಿತದ ಮೇಷ್ಟ್ರಿಗೆ ಬಾವಿ. ಫೋಟೋ ಸ್ಟುಡಿಯೋದವನಿಗೆ ಆಕಾಶ. ಮೀನು ಹಿಡಿಯುವವನಿಗೆ ಸ್ಥಾವರ ಹೊಳೆಗೆ ಬಿಡುವ ಬಿಸಿನೀರು. ತುಂಬು ಬಸುರಿ ದರ್ಜಿಯೊಬ್ಬಳು ಬಂದು, “ನನಗೆ ಇನ್ನೂ ಏನೂ ಆಗಿಲ್ಲ. ಹೊಟ್ಟೇಲಿರೋದಕ್ಕೆ ಮೂವತ್ತು ತುಂಬೋವಾಗ ಈ ಪರವಾನಗಿ ಮುಗಿಯುತ್ತೆ. ಅದನ್ನ ಹೇಳಬಹುದಾ?” ಎಂದು ಕೇಳಿದಳು. ಚಿಕ್ಕವಳು ನಲವತ್ತೊಂದು ಎಂದು ಬರೆದುಕೊಂಡಳು.

ಜಗಳ ಬಿದ್ದದ್ದು ಕೆಮ್ಮಿಗೆ. ನಮ್ಮ ಬೀದಿಯಲ್ಲಿ ಕೆಮ್ಮಿಲ್ಲದ ಮನೆ ಹುಡುಕಿದರೆ ಅದು ಬೀಗ ಹಾಕಿದ ಮನೆಯಾಗಿರುತ್ತದೆ. ಇಪ್ಪತ್ತು ಜನ ಕೆಮ್ಮು ನನಗೆ, ಕೆಮ್ಮು ನನಗೆ ಎಂದು ಕೂಗಿದರು. ಕೂಗಿ ಕೆಮ್ಮಿದರು. ಅಷ್ಟರಲ್ಲಿ ಬೇಕರಿಯವಳು ಬಂದು ಬಾಗಿಲಲ್ಲಿ ನಿಂತಳು. ಹೋದ ವರ್ಷ ಅವಳ ನಾಲ್ಕು ವರ್ಷದ ಮಗಳು ಉಸಿರು ಸಿಗದೆ ತೀರಿಕೊಂಡಿದ್ದಳು. ಅವಳೇನೂ ಕೇಳಲಿಲ್ಲ. ಗದ್ದಲ ತಾನಾಗಿ ನಿಂತಿತು.

“ಒಂದನೇ ನಂಬರು. ಕೆಮ್ಮು ನಿಮಗೆ,” ಎಂದಳು ಚಿಕ್ಕವಳು, ತಲೆ ಎತ್ತದೆ.

ಒಳಗೆ ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ಅರೆಕ್ಷಣ ನಿಂತದ್ದನ್ನು ನಾನು ನೋಡಿದೆ.

ಅಪ್ಪ ಬಾಯ್ಲರಿನ ಕೆಳಗೆ ಬೂದಿಗುಂಡಿಯಲ್ಲಿ ಕೆಲಸ ಮಾಡುತ್ತಿದ್ದ. ಉದ್ದ ಕೋಲಿನಿಂದ ಬಿಸಿಬೂದಿ ಎಳೆಯುವ ಕೆಲಸ. ನಾಲ್ಕು ವರ್ಷ ಕೆಮ್ಮಿದ. ಕೊನೆಯ ಏಳು ತಿಂಗಳು ಮಲಗಿದರೆ ಉಸಿರು ಕಟ್ಟುತ್ತಿತ್ತು, ಕುರ್ಚಿಯಲ್ಲಿ ಕೂತೇ ನಿದ್ದೆ. ಅವನು ಸಿಗರೇಟು ಮುಟ್ಟಿದವನಲ್ಲ. ಸ್ಥಾವರದ ಡಾಕ್ಟರು ಚೀಟಿಯಲ್ಲಿ ‘ಸಹಜ’ ಎಂದು ಬರೆದರು. ಅಮ್ಮ ಅದೇ ಸ್ಥಾವರದ ಧೋಬಿಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸಗಾರರ ಬಟ್ಟೆ ಒಗೆದವಳು. ಗಂಡನ ಬಟ್ಟೆ ಯಾವುದು, ಪಕ್ಕದವನದು ಯಾವುದು ಎಂದು ಬೂದಿಯ ವಾಸನೆಯಲ್ಲೇ ಹೇಳುತ್ತಿದ್ದಳು.

ಜನ ಹೋದ ಮೇಲೆ ಚಿಕ್ಕವಳು ಅಡುಗೆಮನೆಗೆ ಬಂದಳು.

“ಅಮ್ಮ, ನಿಂಗೆ ಬಟ್ಟೆ ಇಟ್ಟಿದೀನಿ. ತಂತಿ ಮೇಲೆ ಒಣಗೋಕೆ ಹಾಕಿದ್ದು ಕಪ್ಪಾಗೋದು. ನಿನ್ನಷ್ಟು ಚೆನ್ನಾಗಿ ಯಾರೂ ಹೇಳಲ್ಲ.”

“ಸರಿ.”

“ಕೆಮ್ಮು ನಮ್ಮನೇಗೇ ಇಟ್ಕೊಂಡ್ರೆ ಜನ ಏನಂತಾರೆ? ಬಡಿಸೋಳು ತನ್ನ ಎಲೆಗೇ ಸುರ್ಕೊಂಡ್ಳು ಅಂತಾರೆ. ಮತ್ತೆ ಆ ಮಗು...”

“ಸರಿ ಅಂದ್ನಲ್ಲೇ.”

“ಕೊನೇಲಿ ಇಟ್ಟಿದೀನಿ ನಿನ್ನ. ಯಾರು ಕೈ ಕೊಟ್ರೂ ಮನೆಯವರು ಕೈ ಕೊಡಲ್ಲ ಅಂತ.”

ಅಮ್ಮ ಸರಿ ಎಂದರೆ ಅಲ್ಲಿ ಏನೂ ಸರಿ ಇಲ್ಲವೆಂದು ಅರ್ಥ. ಇದು ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತು. ಚಿಕ್ಕವಳಿಗೆ ಅವತ್ತು ಲೆಕ್ಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟಳು. ಅಮ್ಮ ನನ್ನ ಕಡೆ ತಿರುಗದೆ ಕೇಳಿದಳು.

“ಅಷ್ಟು ಜನದ ಮುಂದೂ ಸದರಿ ಅಂತ ಬರೆದ್ರಂತಲ್ಲ ದೊಡ್ಡೋಳೆ. ಬರೆದೋರ ಕೈ ನೋಯಲಿಲ್ವಾ?”

ನಾನು ಲೋಟ ತೊಳೆಯುತ್ತಿದ್ದೆ. “ನೋಯ್ತಿತ್ತಮ್ಮ,” ಎಂದೆ. “ನೋಯ್ತಿತ್ತು ಅಂತಲೇ ಹಾಗೆ ಬರೆದೆ.”

ಅಮ್ಮ ಒಂದು ಅಂಗಿಯ ತೋಳನ್ನು ಎರಡು ಸಲ ಮಡಿಸಿದಳು. “ಚಿಕ್ಕೋಳಿಗೆ ಹೇಳಿದೀಯ?”

“ಇಲ್ಲ.”

“ಹೂಂ,” ಎಂದಳು. ಬೈದಿದ್ದರೆ ವಾಸಿ ಇತ್ತು.

ಅಹವಾಲು ಸಭೆ ಊರ ಸಭಾಭವನದಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಧೂಳು ಬರುತ್ತದೆಂದು ಇಲಾಖೆಯವರು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಯಾವ ಧೂಳು, ಎಲ್ಲಿಂದ ಬರುವ ಧೂಳು ಎಂದು ಯಾರೂ ಕೇಳಲಿಲ್ಲ. ವೇದಿಕೆಯ ಮೇಲೆ ಮುಖ್ಯಾಧಿಕಾರಿಗಳು ಕೂತರು. ನೀರಿನ ಲೋಟದ ಮೇಲೆ ಕರವಸ್ತ್ರ ಮುಚ್ಚಿದ್ದರು. ಸಭ್ಯ ಮನುಷ್ಯ, ಯಾರಿಗೂ ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರ ಬಲಕ್ಕೆ ನನ್ನ ಚಿಕ್ಕ ಮೇಜು, ಟಿಪ್ಪಣಿ ಪುಸ್ತಕ, ಚೂಪು ಮಾಡಿದ ಆರು ಪೆನ್ಸಿಲು. ಮುಂದಿನ ಸಾಲಿನಲ್ಲಿ ಸ್ಥಾವರದ ಮೇಲ್ವಿಚಾರಕ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಚಿಕ್ಕವಳು ಗೋಡೆಗೆ ಒರಗಿ ನಿಂತು, ಮಾತಾಡಿದವರ ಮುಂದೆ ಗುರುತು ಹಾಕುತ್ತಿದ್ದಳು. ಅವಳ ಪಟ್ಟಿಯಲ್ಲಿ ನೂರಾ ಎರಡು ಜನ. ಎರಡು ಬಿದ್ದರೂ ನೂರು ನಿಲ್ಲಬೇಕು.

ಮೊದಲು ಬೇಕರಿಯವಳು. “ನನ್ನ ಮಗಳು ಕೆಮ್ಮಿ ಸತ್ತಳು,” ಎಂದು ಶುರುಮಾಡಿದವಳು ಎರಡು ನಿಮಿಷದ ತುಂಬ ಮಗು ಏನು ಆಡುತ್ತಿತ್ತು, ಏನು ಕೇಳುತ್ತಿತ್ತು ಎಂದಷ್ಟೇ ಹೇಳಿದಳು. ಗಂಟೆ ಹೊಡೆಯಿತು. ಒಂದು, ಎಂದು ಬರೆದೆ.

ಬಾವಿ ಆಯಿತು, ಕನ್ನಡಿ ಆಯಿತು, ತಲೆ ತೊಳೆದ ನೀರು ಆಯಿತು. ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಎದ್ದು, ಈ ಹೊಗೆ ಈ ಊರಲ್ಲೇ ನಿಲ್ಲುವುದಿಲ್ಲ, ಸಮುದ್ರ ಏರುತ್ತಿದೆ, ಬೇಸಿಗೆ ಉದ್ದವಾಗುತ್ತಿದೆ, ಜಗತ್ತಿಗೇ ಜ್ವರ ಬಂದಿದೆ ಎಂದರು.

“ಜಗತ್ತು ಈ ಇಲಾಖೆಯ ವ್ಯಾಪ್ತಿಗೆ ಬರೋದಿಲ್ಲ,” ಎಂದರು ಮುಖ್ಯಾಧಿಕಾರಿಗಳು. “ತೆಗೆದುಹಾಕಿ. ಮುಂದಿನವರು.”

ತೆಗೆದುಹಾಕಿದೆ. ಒಂದು ಬಿತ್ತು.

ಮಧ್ಯಾಹ್ನದ ಮೇಲೆ ಕಲ್ಲಿದ್ದಲು ಸಾಗಿಸುವ ಬೆಲ್ಟಿನಲ್ಲಿ ಕೆಲಸ ಮಾಡುವವನೊಬ್ಬ ಬಂದ. ಅವನ ಪಾಲಿಗೆ ಬೆಲ್ಟಿನ ಸದ್ದಿಗೆ ಮಂದವಾದ ಕಿವಿ ಬಂದಿತ್ತು. ಮೈಕಿನ ಮುಂದೆ ನಿಂತು ಮೇಲ್ವಿಚಾರಕನ ಮುಖ ನೋಡಿದ. ಮೇಲ್ವಿಚಾರಕ ಏನೂ ಮಾಡಲಿಲ್ಲ, ಕಾಲು ಇಳಿಸಿದ ಅಷ್ಟೆ.

“ಏನೂ ಇಲ್ಲ ಸರ್. ಎಲ್ಲ ಚೆನ್ನಾಗಿದೆ,” ಎಂದು ಅವನು ಇಳಿದ. ಮೆಟ್ಟಿಲು ಇಳಿಯುತ್ತ ಕೆಮ್ಮಿದ. ಆ ಕೆಮ್ಮನ್ನು ಬರೆಯಲು ನನ್ನಲ್ಲಿ ಅಂಕಣವಿರಲಿಲ್ಲ. ಎರಡು ಬಿತ್ತು. ಇನ್ನು ಒಬ್ಬರೂ ತಪ್ಪುವ ಹಾಗಿಲ್ಲ.

ಆಮೇಲೆ ನಡೆದದ್ದು ನೋಡಲಾಗಲಿಲ್ಲ. ಯಾರಾದರೂ ಬಾಯಿತಪ್ಪಿ ಹಿಂದಿನವರ ಕಷ್ಟಕ್ಕೆ ಕೈ ಹಾಕಿದರೆ ಮುಖ್ಯಾಧಿಕಾರಿಗಳು “ಅದು ಬಂತು” ಎನ್ನುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಅವರು ಹೇಳುವುದೇ ಬೇಕಾಗಲಿಲ್ಲ, ನಮ್ಮ ಜನವೇ ಕಲಿತುಬಿಟ್ಟಿದ್ದರು. ಮುದುಕನೊಬ್ಬ ತನ್ನ ಛಾವಣಿಯ ತಗಡಿನ ಬಗ್ಗೆ ಹೇಳುತ್ತ ಹೇಳುತ್ತ, “ಏರಿ ರಿಪೇರಿ ಮಾಡೋಣ ಅಂದ್ರೆ ನನಗೆ ಉಸಿರು...” ಎಂದ. ಹಿಂದಿನ ಸಾಲಿನಿಂದ ನಾಲ್ಕೈದು ಜನ, “ಏ ಬಂತು, ಬಂತು! ತಗಡು ಹೇಳು, ತಗಡು!” ಎಂದು ಕೂಗಿದರು. ಮುದುಕ ನಾಲಿಗೆ ಕಚ್ಚಿಕೊಂಡು, ಏದುಸಿರು ಬಿಡುತ್ತ ತಗಡನ್ನು ಹೇಳಿ ಮುಗಿಸಿದ. ಮುಖ್ಯಾಧಿಕಾರಿಗಳು ಮುಗುಳ್ನಕ್ಕರು. ಅವರ ಕೆಲಸವನ್ನು ನಾವೇ ಮಾಡಿಕೊಡುತ್ತಿದ್ದೆವು.

ಐದಕ್ಕೆ ಹತ್ತು ನಿಮಿಷವಿದ್ದಾಗ ತೊಂಬತ್ತೊಂಬತ್ತು ಎಂದು ಬರೆದೆ. ಚಿಕ್ಕವಳು ಉಸಿರು ಬಿಟ್ಟು, ಪುಸ್ತಕ ಮುಚ್ಚಿ, ಅಮ್ಮನಿಗೆ ಸನ್ನೆ ಮಾಡಿದಳು.

ಅಮ್ಮ ಮೆಟ್ಟಿಲು ಹತ್ತಿದಳು. ಮೈಕು ಅವಳಿಗೆ ಎತ್ತರವಾಯಿತು. ಅದನ್ನು ಇಳಿಸಲು ಹೋಗದೆ ಪಕ್ಕಕ್ಕೆ ಸರಿದು ನಿಂತಳು. ಸಭೆಯನ್ನು ನೋಡಲಿಲ್ಲ, ಮುಖ್ಯಾಧಿಕಾರಿಗಳನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು.

“ನನ್ನ ಗಂಡ ಕೆಮ್ಮಿ ಸತ್ತ,” ಎಂದಳು.

ಗೋಡೆಯ ಕಡೆಯಿಂದ ಚಿಕ್ಕವಳು, “ಅಮ್ಮಾ! ಬಟ್ಟೆ! ಬಟ್ಟೆ ಹೇಳು!” ಎಂದಳು.

“ಬಟ್ಟೆ ಒಗೆದ್ರೆ ಹೋಗುತ್ತೆ ಕಣೆ,” ಎಂದಳು ಅಮ್ಮ.

“ತಾಯಿ, ಕೆಮ್ಮು ಬಂದಿದೆ,” ಮುಖ್ಯಾಧಿಕಾರಿಗಳು ಸಮಾಧಾನವಾಗಿಯೇ ಹೇಳಿದರು. “ಬೆಳಿಗ್ಗೆ ಮೊದಲನೇದೇ ಅದು.”

“ಅದು ಆ ಮಗೂದು. ಇದು ನನ್ನ ಗಂಡಂದು.”

“ಅಂಶ ಒಂದೇ ಅಲ್ವಾ?”

“ಎರಡು ಹೆಣ ಸ್ವಾಮಿ. ಎರಡನ್ನೂ ನಾನೇ ತೊಳೆದಿದೀನಿ.”

ಬೇಕರಿಯವಳು ತನ್ನ ಕುರ್ಚಿಯಿಂದ ಎದ್ದು ನಿಂತಳು. ಚಿಕ್ಕವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡುತ್ತಿದ್ದಳು. ಎರಡು ವಾರ ಮುಂಗೋಣೆಯಲ್ಲಿ ಹಂಚಿದ್ದು, ಹನ್ನೊಂದು ದಿನ ಗೇಟಿನ ಮುಂದೆ ಕೂತಿದ್ದು, ಎಲ್ಲ ಆ ಒಂದು ನಂಬರಿನಲ್ಲಿ ನಿಂತಿತ್ತು.

ಮುಖ್ಯಾಧಿಕಾರಿಗಳು ಗಡಿಯಾರ ನೋಡಿ, ಕರವಸ್ತ್ರ ತೆಗೆದು ನೀರು ಕುಡಿದರು. ನನ್ನ ಕಡೆ ಬಾಗಿ, “ಸದರಿ ಅಂತ ಹಾಕಿ,” ಎಂದರು. “ಒಂದನೇ ಆಕ್ಷೇಪಣೆ, ಸದರಿ. ಒಟ್ಟು ತೊಂಬತ್ತೊಂಬತ್ತು. ಮುಗಿಸೋಣ.”

ಶೀಘ್ರಲಿಪಿಯಲ್ಲಿ ಸದರಿ ಎಂಬುದು ಒಂದೇ ಎಳೆತ. ಉಗುರಿನಷ್ಟು ಗೀರು. ಕೈ ತಾನೇ ಹೊರಟಿತ್ತು, ಹತ್ತೊಂಬತ್ತು ವರ್ಷದ ಕೈ. ಅದನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದೆ. ಆಮೇಲೆ ನೂರು ಎಂದು ಬರೆದು, ಅದರ ಮುಂದೆ ಶೀಘ್ರಲಿಪಿಯಲ್ಲಲ್ಲ, ಯಾರು ಬೇಕಾದರೂ ಓದಬಹುದಾದ ಅಕ್ಷರದಲ್ಲಿ, ನನ್ನ ಗಂಡ ಕೆಮ್ಮಿ ಸತ್ತ ಎಂದು ಬರೆದೆ.

“ಏನು ಬರೀತಿದೀರಿ?”

“ಅವರು ಹೇಳಿದ್ದನ್ನ ಸರ್.”

“ನಾನು ಹೇಳಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು ಸರ್. ಹೋದ ಸಲ ಯಾರೂ ಹೇಳದೇನೇ ಸಾವಿರದ ನೂರ ನಲವತ್ತೊಂದು ಸಲ ಸದರಿ ಅಂತ ಹಾಕಿದೋಳು ನಾನು. ಇನ್ನು ಹಾಕಲ್ಲ.”

ಗೋಡೆಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಪುಸ್ತಕವೊಂದು ನೆಲಕ್ಕೆ ಬಿದ್ದ ಸದ್ದು ಮಾತ್ರ ಕೇಳಿಸಿತು.

“ಪೆನ್ಸಿಲಕ್ಕ,” ಅವರು ಮೊದಲ ಸಲ ನನ್ನನ್ನು ಆ ಹೆಸರಿನಿಂದ ಕರೆದರು. “ಹತ್ತೊಂಬತ್ತು ವರ್ಷದ ಕೆಲಸ. ಒಂದು ಗೀರಿಗೋಸ್ಕರ ಕಳ್ಕೋತೀರಾ? ಇವರು ನಿಮಗೇನಾಗ್ಬೇಕು?”

“ತಾಯಿ.”

“ಸರಿಹೋಯ್ತು. ಹಾಗಾದ್ರೆ ನೀವು ಇದನ್ನ ಬರೆಯೋ ಹಾಗೇ ಇಲ್ಲ. ಪೆನ್ಸಿಲ್ ಕೆಳಗಿಡಿ. ಆ ಪುಸ್ತಕ ಇಲ್ಲಿ ಕೊಡಿ.”

ಕೈ ಚಾಚಿದರು. ಚೊಕ್ಕ ಕೈ, ಉಗುರಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಕೂಡ ಇಲ್ಲದ ಕೈ. ನಾನು ಪುಸ್ತಕದ ಮೇಲೆ ಮೊಣಕೈ ಊರಿ, ಇನ್ನೊಂದು ಪೆನ್ಸಿಲು ಎತ್ತಿಕೊಂಡೆ.

“ಕೊಡಲ್ಲ ಸರ್. ಅವರದು ಇನ್ನೂ ಒಂದು ನಿಮಿಷ ಬಾಕಿ ಇದೆ,” ಎಂದೆ. “ಹೇಳಮ್ಮ. ಮೊದಲಿಂದ ಹೇಳು.”